ಪರಿಶೀಲನೆಯಲ್ಲಿ ಕೇಳಿದ ಹಳೆಯ ಹೆಸರು

ದುರ್ಗಾಂಬಿಕಾ ಗ್ರಾಮ ಪಂಚಾಯ್ತಿ ಚುನಾವಣೆಗೆ ನಿಂತದ್ದು ತನ್ನ ಗಿರಣಿಗೆ ಹಿಟ್ಟು ಹಾಕಿಸಲು ಬರುವ ಹೆಂಗಸರ ಒತ್ತಾಯಕ್ಕೆ. ಜಗಳೂರು ತಾಲ್ಲೂಕಿನ ಆ ಹಳ್ಳಿಯಲ್ಲಿ ಕುಡಿಯುವ ನೀರಿನ ಘಟಕ ಕೆಟ್ಟು ಎಂಟು ತಿಂಗಳಾಗಿತ್ತು. ಅದರ ರಿಪೇರಿಗಾಗಿ ಅವಳೊಬ್ಬಳೇ ಕಚೇರಿಗಳಿಗೆ ಅಲೆದದ್ದನ್ನು ಅವರೆಲ್ಲ ನೋಡಿದ್ದರು.

ಹದಿನಾಲ್ಕು ವರ್ಷಗಳ ಹಿಂದೆ ಹೊನ್ನಾಳಿಯಲ್ಲಿದ್ದಾಗ ಅವಳು ಗಂಡಿನ ಹೆಸರು ಬಿಟ್ಟು ಹೆಣ್ಣಾಗಿ ಬದುಕತೊಡಗಿದ್ದಳು. ಈ ಊರಿಗೆ ಬಂದು ಆರು ವರ್ಷ. ಅವಳು ಯಾರೆಂಬುದು ಇಲ್ಲಿ ಎಲ್ಲರಿಗೂ ಗೊತ್ತು, ಹಳೆಯ ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಮತದಾರರ ಪಟ್ಟಿ, ಆಧಾರ್, ಜಿಲ್ಲಾಧಿಕಾರಿ ಕೊಟ್ಟ ಗುರುತಿನ ಚೀಟಿ, ಎಲ್ಲದರಲ್ಲೂ ದುರ್ಗಾಂಬಿಕಾ ಎಂದೇ ಇತ್ತು.

ನಾಮಪತ್ರ ಪರಿಶೀಲನೆಯ ದಿನ ಎದುರಾಳಿ ಗುರುಬಸವರಾಜ್ ತಕರಾರು ತೆಗೆದ.

"ಓಟು ಕೇಳೋರ ಹಿಂದಿನ ಹೆಸರು ಜನಕ್ಕೆ ಗೊತ್ತಾಗಬೇಕಲ್ರೀ. ಆ ಹೆಸರಲ್ಲಿ ಕೇಸು ಗೀಸು ಇದ್ರೆ?"

ಚುನಾವಣಾಧಿಕಾರಿ ಕೈಪಿಡಿಯ ಹಾಳೆಗಳನ್ನು ಮೂರು ಸಲ ತಿರುವಿದರು. ಹಳೆಯ ಹೆಸರು ಹೇಳಲೇಬೇಕೆಂದೂ ಇರಲಿಲ್ಲ, ಬೇಡವೆಂದೂ ಇರಲಿಲ್ಲ. ಮರುದಿನ ಹನ್ನೊಂದಕ್ಕೆ ತೀರ್ಮಾನ ಹೇಳುತ್ತೇನೆಂದರು. ಹೊರಗೆ ಬಂದಾಗ ಅವಳನ್ನು ಪಕ್ಕಕ್ಕೆ ಕರೆದು, ಹಳೆಯ ಹೆಸರನ್ನು ಒಂದು ಪ್ರಮಾಣಪತ್ರದಲ್ಲಿ ಬರೆದುಕೊಟ್ಟರೆ ತಕರಾರು ಅಲ್ಲಿಗೇ ಮುಗಿಯುತ್ತದೆ, ಆದರೆ ಅದನ್ನು ನೋಟಿಸ್ ಬೋರ್ಡಿಗೆ ಹಾಕಬೇಕಾಗುತ್ತದೆ ಎಂದೂ ತಿಳಿಸಿದರು.

ಅವಳ ಮೇಲೆ ಯಾವ ಕೇಸೂ ಇರಲಿಲ್ಲ. ಸಂಕಟ ಬೇರೆಯದಿತ್ತು. ಅವಳು ಬಿಟ್ಟ ಹೆಸರು, ಪರಶುರಾಮ್ ಎನ್ನುವುದು, ಸೂಳೆಕೆರೆಯಲ್ಲಿ ಮುಳುಗಿ ಸತ್ತ ಸೋದರಮಾವನ ಹೆಸರು. ತಮ್ಮನ ನೆನಪಿಗೆಂದು ಅವ್ವ ಗಾದ್ರಮ್ಮ ಮೊದಲ ಮಗುವಿಗೆ ಇಟ್ಟಿದ್ದಳು. ಅದನ್ನು ಬಿಟ್ಟಾಗ ಅವ್ವ ಎರಡು ವರ್ಷ ಮಾತು ಬಿಟ್ಟಿದ್ದಳು. ಈಗ ಅದು ಕರಪತ್ರಗಳಲ್ಲಿ ಬಿದ್ದು ಬೀದಿ ಪಾಲಾದರೆ?

ಗಿರಣಿಗೆ ಹೋದಳು, ಬೆಲ್ಟ್ ಹಾಕಿದಳು, ತೆಗೆದಳು. ಊಟಕ್ಕೆ ಕೂತು ಎದ್ದಳು. ಕೊನೆಗೆ ದಾವಣಗೆರೆ ಬಸ್ಸು ಹತ್ತಿ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಅವ್ವ ಇರುವ ಬಸವಾಪಟ್ಟಣದ ತಂಗಿಯ ಮನೆ ಸೇರಿದಾಗ ಸಂಜೆ ಐದು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಿದ್ದಳು. ಅವ್ವನ ಎದುರು ಕೂತಾಗ ಒಂದೂ ಬರಲಿಲ್ಲ. ನಡೆದದ್ದನ್ನಷ್ಟೇ ಹೇಳಿದಳು.

ಗಾದ್ರಮ್ಮ ಅವರೆಕಾಯಿ ಬಿಡಿಸುತ್ತಲೇ ಕೇಳಿಸಿಕೊಂಡಳು. ಹೊಸ ಹೆಸರು ಹಿಡಿದು ಅವಳು ಮಗಳನ್ನು ಎಂದೂ ಕರೆದಿರಲಿಲ್ಲ. ಹಳೆಯದನ್ನೂ ಬಿಟ್ಟು, ಬರೀ ಮಗಾ ಎನ್ನುತ್ತಿದ್ದಳು.

"ಅದು ನಾನಿಟ್ಟ ಹೆಸರು ಮಗಾ. ಅದೇನು ಕದ್ದ ಮಾಲಲ್ಲ. ಹೇಳೋದಿದ್ರೆ ನೀನೇ ಹೇಳು. ಆ ತಕರಾರು ತೆಗೆದೋನ ಬಾಯಿಂದ ಮೊದಲು ಬರಾಕೆ ಬಿಡಬ್ಯಾಡ."

"ನಿನಗೆ ನೋವಾಗಲ್ವೇನವ್ವ?"

"ಆಗ್ತೈತೆ. ಆದ್ರೂ ಹೇಳು."

ಮರುದಿನ ಮೊದಲ ಬಸ್ಸಿಗೆ ಹೊರಟಳು. ದಾವಣಗೆರೆಯಲ್ಲಿ ಬಸ್ಸು ಅರ್ಧ ಗಂಟೆ ತಡವಾಯಿತು. ನಿಲ್ದಾಣದಲ್ಲಿ ನಿಲ್ಲಲೂ ಆಗದೆ, ಕೂರಲೂ ಆಗದೆ ಓಡಾಡಿದಳು. ಪಂಚಾಯ್ತಿ ಕಚೇರಿ ಮುಟ್ಟಿದಾಗ ಹನ್ನೊಂದಕ್ಕೆ ಐದೇ ನಿಮಿಷವಿತ್ತು.

ಹಿಂದಿನ ಸಂಜೆಯೇ ನೋಟರಿಯಿಂದ ಮಾಡಿಸಿದ್ದ ಪ್ರಮಾಣಪತ್ರವನ್ನು ಮೇಜಿನ ಮೇಲಿಟ್ಟಳು. ಅಧಿಕಾರಿ ಅದನ್ನು ತೆರೆಯುವ ಮೊದಲೇ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಹುಟ್ಟಿದಾಗ ಇಟ್ಟ ಹೆಸರು ಪರಶುರಾಮ್. ಆ ಹೆಸರಲ್ಲೂ ನನ್ನ ಮೇಲೆ ಕೇಸಿಲ್ಲ, ಬೇಕಾದ್ರೆ ಠಾಣೇಲಿ ಕೇಳ್ರಿ. ಮತಪತ್ರದಾಗೆ ಮಾತ್ರ ದುರ್ಗಾಂಬಿಕಾ ಅಂತ ಹಾಕ್ಬೇಕು. ಪಟ್ಟಿಯಲ್ಲಿರೋದು ಅದೇ."

ಅಧಿಕಾರಿ ಓದಿ, ನಾಮಪತ್ರ ಸರಿಯಿದೆ, ಮತಪತ್ರದಲ್ಲಿ ಪಟ್ಟಿಯ ಹೆಸರೇ ಇರುತ್ತದೆ ಎಂದು ಬರೆದರು.

ಆದರೂ ಗುರುಬಸವರಾಜ್ ಬಿಡಲಿಲ್ಲ. ಎರಡೇ ದಿನಕ್ಕೆ ಹಳೆಯ ಹೆಸರನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ ಹಂಚಿಸಿದ. ದುರ್ಗಾಂಬಿಕಾ ಮನೆಮನೆಗೆ ಹೋದಾಗ ಕೆಲವರು ಬಾಗಿಲು ತೆರೆಯಲಿಲ್ಲ. ಕೊಲ್ಲಾಪುರಮ್ಮನೆಂಬ ಮುದುಕಿ ಕರಪತ್ರ ತೋರಿಸಿ, ಇದು ಯಾರೆಂದು ಕೇಳಿದಳು. ನಾನೇ, ನನ್ನ ಮಾವನ ಹೆಸರು ಅದು ಎಂದು ದುರ್ಗಾಂಬಿಕಾ ಕೂತು ಸೂಳೆಕೆರೆಯ ಕತೆ ಹೇಳಿದಳು. ಆಮೇಲೆ ಪ್ರತಿ ಮನೆಯಲ್ಲೂ ಕೇಳುವ ಮೊದಲೇ ಹೇಳಿದಳು. ಹೇಳಿದಷ್ಟೂ ಸಲೀಸಾಗುತ್ತದೆ ಎಂದುಕೊಂಡಿದ್ದಳು. ಆಗಲಿಲ್ಲ.

ಇಪ್ಪತ್ತಮೂರು ಮತಗಳಿಂದ ಗೆದ್ದಳು. ಗಿರಣಿಯ ಹೆಂಗಸರು ಹಾರ ಹಾಕಿ ಕುಣಿದರು. ಅವಳ ತಲೆಯಲ್ಲಿ ಮಾತ್ರ ತೆರೆಯದ ಬಾಗಿಲುಗಳೇ ಓಡುತ್ತಿದ್ದವು.

ಮೊದಲ ಸಭೆಯಲ್ಲಿ ಹಾಜರಿ ಪುಸ್ತಕ ಅವಳ ಮುಂದೆ ಬಂತು. ಗುಮಾಸ್ತ ನಾಗರಾಜಪ್ಪ ಎರಡೂ ಹೆಸರು ಬರೆದು ನಡುವೆ ಉರುಫ್ ಎಂದು ಸೇರಿಸಿದ್ದ. ಪ್ರಮಾಣಪತ್ರದಲ್ಲಿ ಹಾಗೇ ಇದೆಯಲ್ಲ ಎಂದ. ಅವಳು ಪೆನ್ನು ಕೆಳಗಿಟ್ಟಳು.

"ಕೇಳಿದ್ರು, ಅಲ್ಲಿ ಹೇಳ್ದೆ. ಇಲ್ಲಿ ಯಾರೂ ಕೇಳಿಲ್ಲ. ಬ್ಯಾರೆ ಹಾಳೆ ಬರೀರಿ."

ನಾಗರಾಜಪ್ಪ ಅಧ್ಯಕ್ಷರ ಮುಖ ನೋಡಿದ. ಅವನು ನಿಧಾನವಾಗಿ ಹೊಸ ಹಾಳೆಗೆ ಗೆರೆ ಎಳೆಯತೊಡಗಿದ. ಸಭೆಯವರೆಲ್ಲ ಕಾದರು.