ಏಳನೇ ತಟ್ಟೆ

“ನೀನು ಬಾಗಿಲಲ್ಲಿ ನಿಂತ್ರೇನೇ ಸಾಬೂನಿನ ಗಬ್ಬು ನಾತ ಹೊಡೆಯುತ್ತೆ, ಇನ್ನು ಮೇಜಿಗೆ ಕೂತು ಊಟ ಬೇರೆ ಮಾಡ್ತೀಯಾ?” ಎಂದ ಮ್ಯಾನೇಜರು.

ನಾನು ಕೈಯಲ್ಲಿದ್ದ ತಟ್ಟೆಯನ್ನು ತೊಳೆದು, ಅಂಚಿನಲ್ಲಿ ಚಕ್ಕೆ ಎದ್ದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಸ್ಟ್ಯಾಂಡಿನಲ್ಲಿ ನಿಲ್ಲಿಸಿದೆ. ತಟ್ಟೆ ಕೈಯಲ್ಲಿರುವಾಗ ಯಾರ ಬೈಗುಳಕ್ಕೂ ಉತ್ತರ ಕೊಡಬಾರದು ಎಂಬುದು ತೊಳೆಯುವವರ ಮೊದಲ ಪಾಠ. ಸಿಟ್ಟಿಗೆ ಕೈ ನಡುಗುತ್ತದೆ, ತಟ್ಟೆ ಜಾರುತ್ತದೆ.

“ಗೋಡೆ ಮೇಲೆ ಬರೆದಿದೆ ಸಾರ್,” ಎಂದೆ.

“ಏನು ಬರೆದಿದೆ?”

“ಹತ್ತು ವರ್ಷ ದುಡಿದೋರಿಗೆ ಒಂದು ಮೇಜು, ಇಬ್ಬರಿಗೆ ಊಟ ಅಂತ. ಹೋದ ತಿಂಗಳಿಗೆ ನನಗೆ ಹತ್ತು ತುಂಬ್ತು.”

ಬರೆದಿದ್ದು ನಿಜ. ನಮ್ಮದು ಮೂರು ತಿಂಗಳು ಮೊದಲೇ ಮೇಜು ಕಾದಿರಿಸಬೇಕಾದ ಹೋಟೆಲು. ಬಂದವರು ತಮಗೆ ಬೇಕಾದ್ದನ್ನು ಕೇಳುವಂತಿಲ್ಲ. ದೊಡ್ಡ ಬಾಣಸಿಗ ಏನು ಕಳಿಸುತ್ತಾನೋ ಅದನ್ನೇ ತಿನ್ನಬೇಕು: ಒಂದಾದ ಮೇಲೊಂದರಂತೆ ಹನ್ನೆರಡು ತಟ್ಟೆ, ಒಂದೊಂದರಲ್ಲಿ ಎರಡು ತುತ್ತು, ಮೂರು ಗಂಟೆ. ಬಾಣಸಿಗನಿಗೆ ನಾವು ಹಿಂದಿನ ಕೋಣೆಯವರು ಇಟ್ಟ ಹೆಸರು ಚಿಮಟ. ಕೈಯಲ್ಲಿ ಸಣ್ಣದೊಂದು ಚಿಮಟ ಹಿಡಿದು, ಮುಳ್ಳು ಕೀಳುವವನ ಹಾಗೆ ಬಗ್ಗಿ, ಒಂದೊಂದೇ ಎಲೆಯನ್ನು ತಟ್ಟೆಯ ಮೇಲೆ ಕೂರಿಸುತ್ತಾನೆ. ಯಾವುದೋ ಪ್ರಶಸ್ತಿ ಬಂದ ದಿನ ಪತ್ರಿಕೆಯವರು ಅವನನ್ನು, ನಿಮ್ಮ ಕೆಲಸಗಾರರು ಇಲ್ಲಿ ಯಾವತ್ತಾದರೂ ಉಂಡಿದ್ದಾರೆಯೇ ಎಂದು ಕೇಳಿದರು. ಖುಷಿಯಲ್ಲಿದ್ದ. ಹತ್ತು ವರ್ಷ ದುಡಿದವರೆಲ್ಲ ನನ್ನ ಅತಿಥಿಗಳು, ಜೊತೆಗೊಬ್ಬರನ್ನೂ ಕರೆತರಬಹುದು ಎಂದುಬಿಟ್ಟ. ಅದು ಅಚ್ಚಾಯಿತು. ಅಚ್ಚಾದ ಪುಟಕ್ಕೆ ಗಾಜು ಹಾಕಿಸಿ ಮುಂಬಾಗಿಲ ಬಳಿ ನೇತುಹಾಕಿದರು.

ಹತ್ತು ವರ್ಷ ಯಾರು ಇರುತ್ತಾರೆ ಎಂದು ಯಾರೂ ಯೋಚಿಸಿರಲಿಲ್ಲ. ಬಡಿಸುವವರು ವರ್ಷ ತುಂಬುವ ಮೊದಲೇ ಬಿಡುತ್ತಾರೆ. ಅಡುಗೆಯವರು ಎರಡು ವರ್ಷ ಕಲಿತು, ಇಲ್ಲಿಯ ಹೆಸರು ಹೇಳಿಕೊಂಡು ಬೇರೆ ಕಡೆ ದೊಡ್ಡವರಾಗುತ್ತಾರೆ. ತಟ್ಟೆ ತೊಳೆಯುವವರು ಎಲ್ಲಿಗೆ ಹೋಗಬೇಕು? ಹತ್ತು ತುಂಬಿಸಿದವರೆಂದರೆ ನಾನು ಮತ್ತು ದೊಡ್ಡ ಪಾತ್ರೆ ಉಜ್ಜುವ ಗೊಣಗಜ್ಜಿ, ಇಬ್ಬರೇ. “ನನಗೆ ಹಲ್ಲಿಲ್ಲ, ಅವರು ತಟ್ಟೆ ಮೇಲೆ ಬಿಡೋ ನೊರೆ ನೆಕ್ಕೋಕೆ ಅಲ್ಲಿಗ್ಯಾಕೆ ಹೋಗ್ಲಿ, ತೊಟ್ಟಿಯಲ್ಲೇ ಇದೆ,” ಎಂದು ಗೊಣಗಜ್ಜಿ ಹಿಂದೆ ಸರಿದಳು. ಉಳಿದವಳು ನಾನು.

ಮ್ಯಾನೇಜರು ಕೊನೆಗೆ ಒಂದು ಹಾಳೆ ತಂದ. ಅತಿಥಿಗಳಿಗೆಲ್ಲ ಮೊದಲೇ ಕೇಳುವ ಪ್ರಶ್ನೆಗಳು ಅದರಲ್ಲಿವೆ. ಅವರನ್ನು ಫೋನಿನಲ್ಲಿ ಜೇನು ಸುರಿಸಿಕೊಂಡು ಕೇಳುತ್ತಾನೆ. ನನ್ನನ್ನು ತೊಟ್ಟಿಯ ಪಕ್ಕದಲ್ಲೇ ನಿಲ್ಲಿಸಿ ಕೇಳಿದ.

“ಏನು ವಿಶೇಷ? ಹುಟ್ಟಿದ ದಿನ, ಮದುವೆ ದಿನ, ಇತರೆ?”

“ಇತರೆ.”

“ಮೈಗೆ ಆಗದೇ ಇರೋದು ಏನಾದ್ರೂ?”

“ಸಾಬೂನು,” ಎಂದು ಕೈ ತೋರಿಸಿದೆ. ಬೆರಳ ಸಂದುಗಳಲ್ಲಿ ಚರ್ಮ ಸುಲಿದುಹೋಗಿತ್ತು. ಅವನು ‘ಏನೂ ಇಲ್ಲ’ ಎಂದು ಬರೆದುಕೊಂಡ.

“ಜೊತೆಗೆ ಯಾರು? ಗಂಡನಾ?”

“ಅಕ್ಕ.”

ಪೆನ್ನು ನಿಂತಿತು. “ಯಾವ ಅಕ್ಕ? ಆ ಕಳ್ಳೀನಾ?”

“ನನಗಿರೋದು ಒಬ್ಬಳೇ ಅಕ್ಕ ಸಾರ್.”

“ಎಂಜಲು ಕದ್ದು ತಿಂದ ಮುಂಡೇನ ಮುಂಬಾಗಿಲಿಂದ ಕರ್ಕೊಂಡು ಬರ್ತೀಯಾ? ತಲೆ ನೆಟ್ಟಗಿದೆಯಾ ನಿಂಗೆ?” ಹಾಳೆಯನ್ನು ಮಡಚಿ ಜೇಬಿಗೆ ತುರುಕಿಕೊಂಡು ಹೊರಟುಹೋದ.

ನನ್ನನ್ನು ಈ ಕೆಲಸಕ್ಕೆ ಸೇರಿಸಿದವಳೇ ಅಕ್ಕ. ಅವಳ ತೊಟ್ಟಿ, ನನ್ನ ತೊಟ್ಟಿ ಅಕ್ಕಪಕ್ಕದಲ್ಲಿದ್ದವು. ಆರು ವರ್ಷದ ಹಿಂದೆ ಒಂದು ಮಧ್ಯಾಹ್ನ, ಏಳನೇ ತಟ್ಟೆ ಮುಟ್ಟದೆ ವಾಪಸ್ಸು ಬಂತು. ಉಳಿದ ತಟ್ಟೆಗಳೆಲ್ಲ ವರ್ಷಕ್ಕೊಮ್ಮೆ ಬದಲಾಗುತ್ತವೆ. ಈ ಹೋಟೆಲಿಗೆ ಹೆಸರು ತಂದ ಏಳನೆಯದು ಮಾತ್ರ ಬದಲಾಗುವುದಿಲ್ಲ. ಒಂದೂವರೆ ದಿನ ಸಣ್ಣ ಉರಿಯಲ್ಲಿ ಬೆಂದ ಮಾಂಸದ ತುಂಡು, ಬೆಂಕಿಪೊಟ್ಟಣದಷ್ಟು, ಮೇಲೊಂದು ಎಲೆ. ಅಕ್ಕ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಎತ್ತಿ ಬಾಯಿಗೆ ಹಾಕಿಕೊಂಡಳು. ಮೂಲೆಯಲ್ಲಿ ಕ್ಯಾಮೆರಾ ಇತ್ತು. ಮ್ಯಾನೇಜರು ಓಡಿಬಂದ, ಹಿಂದೆಯೇ ಚಿಮಟ. “ಉಗಿ,” ಎಂದ ಚಿಮಟ. ಅಕ್ಕ ಅಂಗೈಗೆ ಉಗಿದಳು. ಅದನ್ನು ಹಾಗೇ ಹಿಡಿದುಕೊಂಡು, ಅಡುಗೆಯವರೆಲ್ಲರ ಮುಂದೆ ನಿಂತು “ನಾನು ಎಂಜಲು ತಿಂದೆ” ಎಂದು ಹೇಳಬೇಕಾಯಿತು. ದನಿ ಸಾಲದೆಂದು ಇನ್ನೊಮ್ಮೆ ಹೇಳಿಸಿದರು. ಆಗ ನಾನು ಕೈಯಲ್ಲೊಂದು ತಟ್ಟೆ ಹಿಡಿದು ನಿಂತಿದ್ದೆ, ಬಾಯಿ ಬಿಡಲಿಲ್ಲ. ಇವತ್ತಿಗೂ ನೆನೆದರೆ ನಾಚಿಕೆಯಾಗುತ್ತದೆ.

ಅಕ್ಕನನ್ನು ಅವತ್ತೇ ಓಡಿಸಿದರು. ಮಾರನೆಯ ದಿನ ಹೊಸ ನಿಯಮ ಬಂತು. ವಾಪಸ್ಸು ಬಂದ ತಟ್ಟೆಯಲ್ಲಿ ಏನೇ ಉಳಿದಿರಲಿ, ಬಕೆಟ್ಟಿಗೆ ಹಾಕುವ ಮೊದಲು ಅದರ ಮೇಲೆ ನೀಲಿ ಸಾಬೂನು ನೀರು ಸುರಿಯಬೇಕು, ಯಾರೂ ತಿನ್ನದ ಹಾಗೆ. ಸುರಿಯುವವಳು ನಾನು. ಆರು ವರ್ಷದಿಂದ ಸುರಿಯುತ್ತಿದ್ದೇನೆ.

ಒಮ್ಮೆ ಕೇಳಿದ್ದೆ, ಹೇಗಿತ್ತೇ ಅಕ್ಕಾ ಅದು, ಎಂದು. “ನಾಲಿಗೆಗೆ ತಾಗೋದ್ರೊಳಗೆ ಉಗುಳಿಸಿದ್ರಲ್ಲೇ,” ಎಂದಿದ್ದಳು. ಅವಳನ್ನು ಕೂರಿಸಿ ಏಳನೇ ತಟ್ಟೆಯನ್ನು ತಿನ್ನಿಸಬೇಕು, ಯಾರೂ ಉಗುಳಿಸಬಾರದು. ನನಗೆ ಬೇಕಿದ್ದದ್ದು ಇಷ್ಟೇ.

ಮ್ಯಾನೇಜರು ಹಾಳೆ ಮಡಚಿದ ಮಾರನೆಯ ಬೆಳಿಗ್ಗೆ ಏಪ್ರನ್ ಬಿಚ್ಚಿ ನೇರ ಚಿಮಟನ ಮುಂದೆ ಹೋಗಿ ನಿಂತು, ನನಗೂ ಅಕ್ಕನಿಗೂ ಮೇಜು ಕೇಳಿದೆ. ಅವನು ಒಂದು ಬಟಾಣಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಮ್ಯಾನೇಜರು ನನ್ನ ಹಿಂದೆಯೇ ಬಂದು, “ಆ ಎಂಜಲು ತಿಂದೋಳು ಸಾರ್, ಇವಳ ಅಕ್ಕ,” ಎಂದು ನೆನಪಿಸಿದ.

“ಯಾರು?” ಎಂದ ಚಿಮಟ.

ನಾಟಕವಲ್ಲ. ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. ನೆನಪಿಟ್ಟುಕೊಂಡು ಬೈದಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ.

“ತಟ್ಟೆ ತೊಳೆಯೋ ಅಕ್ಕತಂಗಿ, ನಮ್ಮ ಮೇಜಲ್ಲಿ ಊಟ,” ಎಂದು ಬಟಾಣಿಯನ್ನು ಕೆಳಗಿಟ್ಟ. “ಪತ್ರಿಕೇಲಿ ಚೆನ್ನಾಗಿ ಬರುತ್ತೆ. ಫೋಟೋದವನನ್ನ ಕರೆಸು.”

ಹಾಗೆ ಮೇಜು ಸಿಕ್ಕಿತು. ಮ್ಯಾನೇಜರು ಹೊಟ್ಟೆಯ ಉರಿಯನ್ನೆಲ್ಲ ಷರತ್ತುಗಳಲ್ಲಿ ತೀರಿಸಿಕೊಂಡ. ಮಧ್ಯಾಹ್ನದ ಊಟಕ್ಕೇ ಬರಬೇಕು. ಹಿಂದಿನ ಬಾಗಿಲಿಂದ ಬರಬೇಕು. ಕಂಬದ ಹಿಂದಿನ ಮೇಜು. ಬಡಿಸುವವರ ಜೊತೆ ಹರಟೆ ಹೊಡೆಯಬಾರದು, ಜೋರಾಗಿ ನಗಬಾರದು. “ಊಟ ಆದ್ಮೇಲೆ ಮಹಾರಾಣಿ ಥರ ಮನೆಗೆ ಹೋಗ್ಬೇಡ, ಹಾಗೇ ಏಪ್ರನ್ ಕಟ್ಕೊಂಡು ಸಂಜೆ ಪಾಳಿಗೆ ನಿಂತ್ಕೋ.”

ಅಕ್ಕ ಈಗ ಆರು ಮಹಡಿಯ ಕಟ್ಟಡವೊಂದರ ಮೆಟ್ಟಿಲು ಉಜ್ಜುತ್ತಾಳೆ, ಅದರದ್ದೇ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಇರುತ್ತಾಳೆ. ಮಂಚದ ಮೇಲೆ ಕೂತರೆ ತಲೆಯ ಮೇಲೆ ಜನ ಹತ್ತಿ ಇಳಿಯುವುದು ಕೇಳಿಸುತ್ತದೆ. ಸುದ್ದಿ ಹೇಳಿದಾಗ ಅವಳು ಖುಷಿಪಡಲಿಲ್ಲ, ಬೇಡವೆನ್ನಲೂ ಇಲ್ಲ.

“ಎಷ್ಟು ಚಮಚ ಇಡ್ತಾರೆ?” ಎಂದಳು.

ನಾನು ಅವಳ ಮನೆಯಲ್ಲಿದ್ದ ಮೂರು ಚಮಚ, ಒಂದು ಚಾಕು, ಒಂದು ಬಾಚಣಿಗೆಯನ್ನು ಮಂಚದ ಮೇಲೆ ಸಾಲಾಗಿ ಜೋಡಿಸಿದೆ. ಯಾವುದನ್ನು ಮೊದಲು ಎತ್ತಬೇಕು ಎನ್ನುವುದು ಬಡಿಸುವವರಿಗಿಂತ ನನಗೇ ಚೆನ್ನಾಗಿ ಗೊತ್ತು. ಅವು ಎಂಜಲಾಗಿ ನನ್ನ ತೊಟ್ಟಿಗೆ ಬೀಳುವುದು ಅದೇ ಕ್ರಮದಲ್ಲಿ. ತಟ್ಟೆಗಳಿಗೆ ಅವರಿಟ್ಟ ಹೆಸರು ‘ಮಂಜಿನ ಮಾತು’, ‘ಬೇರಿನ ಕನಸು’ ಹೀಗೆ. ನಾನು ನಮ್ಮ ಹೆಸರುಗಳನ್ನೇ ಹೇಳಿಕೊಟ್ಟೆ. ಎರಡನೆಯದು ಜಿಡ್ಡ. ನಾಲ್ಕನೆಯದು ಹಳದಿ ಪೀಡೆ, ಬಿಸಿನೀರಿಗೂ ಬಿಡುವುದಿಲ್ಲ. ಆರನೆಯದರಲ್ಲಿ ತಿನ್ನುವುದಕ್ಕಿಂತ ಅಲಂಕಾರಕ್ಕಿಟ್ಟ ಕಲ್ಲು ಜಾಸ್ತಿ, ಕಲ್ಲನ್ನು ತಿನ್ನಬಾರದು. ಅಕ್ಕ ಬಾಚಣಿಗೆಯಲ್ಲಿ ಗಾಳಿಯನ್ನು ಚುಚ್ಚಿ ತಿಂದು ತೋರಿಸಿದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಆಮೇಲೆ ಕೇಳಿದಳು, “ಆ ನೀಲಿ ನೀರು ಈಗಲೂ ಹಾಕ್ತೀಯಾ?”

“ಹಾಕ್ತೀನಿ.”

“ಒಂದಿಷ್ಟು ತಂದ್ಕೊಡೇ. ಮೂರನೇ ಮಹಡಿ ಮೆಟ್ಟಿಲಲ್ಲಿ ಕಲೆ ಕೂತುಬಿಟ್ಟಿದೆ.”

ಕೆಮ್ಮಿನ ಔಷಧಿಯ ಖಾಲಿ ಬಾಟಲಿಯಲ್ಲಿ ತುಂಬಿಸಿ ಕೊಟ್ಟೆ.

ಊಟದ ದಿನ ಅಕ್ಕ ತಲೆಗೆ ಎಣ್ಣೆ ಹಚ್ಚಿ ಬಾಚಿ, ಇದ್ದುದರಲ್ಲೇ ಒಳ್ಳೆಯ ಬಟ್ಟೆ ಉಟ್ಟು, ಹೆಗಲಿಗೊಂದು ಚೀಲ ಹಾಕಿಕೊಂಡು ಬಂದಳು. ಹಿಂದಿನ ಬಾಗಿಲಲ್ಲಿ ಗೊಣಗಜ್ಜಿ ಅವಳ ಗಲ್ಲ ಹಿಡಿದು, “ಚೆನ್ನಾಗಿ ತಿಂದು ಬಾರೇ ನನ್ನವ್ವ, ಈ ಬೋಳಿಮಕ್ಕಳದ್ದು ಮುಗಿಸಿಬಿಡು,” ಎಂದಳು.

ಹತ್ತು ವರ್ಷದಲ್ಲಿ ನಾನು ಅತಿಥಿಗಳು ಉಣ್ಣುವ ಮುಂದಿನ ಕೋಣೆಯನ್ನು ನೋಡಿದ್ದು ಬಾಗಿಲಿನ ಗುಂಡು ಗಾಜಿನ ಮೂಲಕ ಮಾತ್ರ. ಒಳಗೆ ಕೂತರೆ ಏನೂ ವಾಸನೆಯೇ ಇಲ್ಲ. ಕುರ್ಚಿ ಮೆತ್ತಗಿತ್ತು, ಕಾಲು ಎಲ್ಲಿಡಬೇಕೋ ತಿಳಿಯಲಿಲ್ಲ. ಪಕ್ಕದ ಮೇಜಿನಲ್ಲಿ ಮುತ್ತಿನ ಸರದ ಹೆಂಗಸೊಬ್ಬಳು ಗಂಡನ ಜೊತೆ ಕೂತಿದ್ದಳು. ನಮ್ಮನ್ನು ನೋಡಿ, ಒಳ್ಳೆಯ ಕೆಲಸ ನಡೆಯುತ್ತಿದೆ ಎಂಬಂತೆ ತಲೆದೂಗಿದಳು. ಫೋಟೋದವನು ಬಂದು, “ಸ್ವಲ್ಪ ನಗಿ, ಕೈ ಮಾತ್ರ ಮೇಜಿನ ಕೆಳಗಿಡಿ,” ಎಂದ. ಇಟ್ಟೆವು.

ಮೊದಲನೆಯದು ಬಂತು, ಹೋಯಿತು. ಜಿಡ್ಡನನ್ನು ಮುಗಿಸಿದ ಕೂಡಲೇ ನನ್ನ ಕೈ ನನಗೆ ತಿಳಿಯದೆ ಅಕ್ಕನ ತಟ್ಟೆಯನ್ನು ಎಳೆದು ನನ್ನದರ ಮೇಲೆ ಪೇರಿಸಿ, ಚಮಚಗಳನ್ನು ಒಂದು ಕಡೆ ಕೂಡಿಸಿತು. ಬಡಿಸುವವನು ಗಾಬರಿಯಾಗಿ ನಿಂತ. “ಕೈ ತೆಗಿಯೇ,” ಎಂದಳು ಅಕ್ಕ. “ಇವತ್ತು ಅವರು ಎತ್ತಲಿ.” ನಾಲ್ಕನೆಯದಕ್ಕೂ ನಾನು ಅದೇ ತಪ್ಪು ಮಾಡಿದೆ. ಅಕ್ಕ ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದಳು. ಅವಳು ಮಾತ್ರ ಇಲ್ಲೇ ಹುಟ್ಟಿ ಬೆಳೆದವಳಂತೆ, ನೆಟ್ಟಗೆ ಕೂತು, ಒಂದು ಹನಿಯೂ ಉಳಿಸದೆ ತಿನ್ನುತ್ತಿದ್ದಳು.

ಏಳನೆಯದನ್ನು ಚಿಮಟನೇ ತಂದ. ಹಿಂದೆ ಫೋಟೋದವನು, ಅವನ ಹಿಂದೆ ಮ್ಯಾನೇಜರು. ಚಿಮಟ ತಟ್ಟೆಗಳನ್ನು ಇಟ್ಟು, ಎಲ್ಲರಿಗೂ ಹೇಳುವುದನ್ನೇ ನಮಗೂ ಹೇಳಿದ.

“ಇದು ಹಸಿವಿಂದ ಹುಟ್ಟಿದ್ದು. ಹಸಿವು ಅಂದ್ರೆ ಏನು ಅಂತ ಗೊತ್ತಿದ್ದವರಿಗೆ ಇದು ಮಾತಾಡುತ್ತೆ.” ಅಕ್ಕನ ಕಡೆ ಬಗ್ಗಿದ. “ಮೊದಲನೇ ಸಲಾನಾ?”

“ಎರಡನೇ ಸಲ,” ಎಂದಳು ಅಕ್ಕ. “ಮೊದಲನೇ ಸಲ ನೀವು ಉಗುಳಿಸಿದ್ರಿ.”

ಚಿಮಟ ನಗುಮುಖದಲ್ಲೇ ಇದ್ದ. ಫೋಟೋದವನು ಒಂದು ಫೋಟೋ ತೆಗೆದ.

ಅಕ್ಕ ಚಾಕು ಎತ್ತಿದಳು. ತುಂಡನ್ನು ಸರಿಯಾಗಿ ಎರಡು ಮಾಡಿ, ಒಂದನ್ನು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿ ಅಗಿದಳು. ಆರು ವರ್ಷದಿಂದ ನಾನು ಕಾಯುತ್ತಿದ್ದದ್ದು ಇದಕ್ಕೇ. ಯಾರೂ ಉಗಿ ಎನ್ನಲಿಲ್ಲ. ಅವಳು ನುಂಗಿದಳು.

“ಹೇಗಿದೆಯೇ?” ಎಂದೆ.

“ಉಪ್ಪು ಕಮ್ಮಿ.”

ಆಮೇಲೆ ಚೀಲದಿಂದ ಕೆಮ್ಮಿನ ಔಷಧಿಯ ಬಾಟಲಿ ತೆಗೆದು, ಮುಚ್ಚಳ ತಿರುವಿ, ಉಳಿದರ್ಧ ತುಂಡಿನ ಮೇಲೆ ನೀಲಿ ನೀರನ್ನು ನಿಧಾನವಾಗಿ ಸುರಿದಳು. ನೊರೆ ಎದ್ದಿತು. ಎಲೆ ತೇಲಿತು. ಹಿಂದಿನ ಕೋಣೆಯ ವಾಸನೆ ಮೊದಲ ಸಲ ಮುಂದಿನ ಕೋಣೆಗೆ ಬಂತು. ಮುತ್ತಿನ ಸರದವಳು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡಳು.

“ಏಯ್, ಏನಿದು? ಏನ್ ಮಾಡ್ತಿದ್ದೀಯಾ?” ಮ್ಯಾನೇಜರು ಮುಂದೆ ನುಗ್ಗಿದ.

“ವಾಪಸ್ಸು ಹೋಗೋ ತಟ್ಟೆ ಅಲ್ವಾ ಸಾರ್,” ಎಂದಳು ಅಕ್ಕ. “ಹಿಂದೆ ಯಾರಾದ್ರೂ ತಿಂದುಬಿಟ್ರೆ?”

ಚಿಮಟ ಅವಳ ಮುಖವನ್ನೇ ನೋಡಿದ. ಈಗ ನೆನಪಾಗಿರಬೇಕು, ಅವನ ಕಿವಿ ಕೆಂಪಾಯಿತು. ಮ್ಯಾನೇಜರು ನನ್ನ ಕಿವಿಯ ಹತ್ತಿರ ಬಗ್ಗಿ ಹಲ್ಲು ಕಚ್ಚಿ ಹೇಳಿದ, “ಎಬ್ಬಿಸೇ ಅವಳನ್ನ. ಸಂಜೆಯಿಂದ ಕೆಲಸ ಬೇಕೋ ಬೇಡ್ವೋ ನಿಂಗೆ?”

ನನ್ನ ಮುಂದೆ ನನ್ನ ತಟ್ಟೆ ಇತ್ತು. ಇನ್ನೂ ಮುಟ್ಟಿರಲಿಲ್ಲ. ಕೈ ನಡುಗುತ್ತಿತ್ತು. ಜಾರಿದರೆ ಜಾರಲಿ ಎಂದು ಅದನ್ನೆತ್ತಿ ಅಕ್ಕನ ಮುಂದಿಟ್ಟೆ.

“ಇದಕ್ಕೂ ಹಾಕು ಅಕ್ಕಾ.”

ಅಕ್ಕ ಹಾಕಿದಳು.

“ಏಳ್ರೀ ಇಬ್ರೂ! ನಡೀರಿ ಆಚೆ!” ಎಂದ ಮ್ಯಾನೇಜರು. ಅವನು ಮರೆತು ನಮಗೆ ಮರ್ಯಾದೆಯ ‘ರೀ’ ಹಚ್ಚಿದ್ದ. ಮೇಜಿನ ಮೇಲೆ ನಿಲ್ಲಿಸಿದ್ದ, ತಟ್ಟೆಗಳ ಹೆಸರಿದ್ದ ದಪ್ಪ ಕಾಗದದ ಪಟ್ಟಿಯನ್ನು ನಾನು ಅವನ ಕಡೆ ತಿರುಗಿಸಿದೆ.

“ಹನ್ನೆರಡು ಅಂತ ಬರೆದಿದೆ ಸಾರ್. ಇನ್ನೂ ಐದು ಬರಬೇಕು.”

ಬಡಿಸುವವನು ನೊರೆಯ ತಟ್ಟೆಗಳನ್ನು ಮುಟ್ಟಲೋ ಬೇಡವೋ ಎಂದು ಚಿಮಟನ ಮುಖ ನೋಡುತ್ತಿದ್ದ. ಚಿಮಟ ಫೋಟೋದವನ ಕ್ಯಾಮೆರಾಕ್ಕೆ ಕೈ ಅಡ್ಡ ಹಿಡಿದಿದ್ದ. ಗುಂಡು ಗಾಜಿನ ಹಿಂದೆ ಗೊಣಗಜ್ಜಿಯ ಹಲ್ಲಿಲ್ಲದ ಬಾಯಿ ಅಗಲವಾಗಿ ತೆರೆದುಕೊಂಡಿತ್ತು. ಅಕ್ಕ ಬಾಟಲಿಗೆ ಮುಚ್ಚಳ ಹಾಕಿ, ಒರೆಸಿ, ಮೇಜಿನ ಮೇಲೆ ಹೂವಿನ ಪಕ್ಕದಲ್ಲಿಟ್ಟಳು. ಅದರಲ್ಲಿ ಇನ್ನೂ ಅರ್ಧ ನೀರಿತ್ತು. ನಾವು ತೊಡೆಯ ಮೇಲೆ ಹಾಸಿದ್ದ ಕೈಬಟ್ಟೆ ಸರಿಮಾಡಿಕೊಂಡು ಎಂಟನೆಯದಕ್ಕೆ ಕಾಯುತ್ತ ಕೂತೆವು.