ಗಾರೆಯ ಹಿಂದೆ ಉಳಿದ ಜಾಲರಿ

ಹೊಸ ಮನೆಯ ಹೊರಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? ಒಂದಿಷ್ಟು ಸಿಮೆಂಟ್ ಕಲಸಿ ಮೆತ್ತಿ, ಮೇಲೆ ಬಣ್ಣ ಹೊಡೆದು ಮರೆತುಬಿಡುತ್ತೇವೆ. ಮರುವರ್ಷ ಅದೇ ಜಾಗದಲ್ಲಿ ಬಿರುಕು ಮತ್ತೆ ಮುಖ ತೋರಿಸುತ್ತದೆ. ಅಂಥದೊಂದು ಬಿರುಕಿನ ಕಥೆ ಇದು. ಇದನ್ನು ಮೂವರಿಂದ ಬೇರೆ ಬೇರೆಯಾಗಿ ಕೇಳಿದ್ದೇನೆ: ಗೋಡೆಗೆ ಗಾರೆ ಬಳಿದ ಮೇಸ್ತ್ರಿಯಿಂದ, ಆ ಮನೆಯಲ್ಲಿರುವ ಅವರ ತಂಗಿಯಿಂದ, ತಂಗಿಯ ಸೊಸೆಯಿಂದ. ಮೂವರ ಮಾತು ಕೂಡುವ ಕಡೆ ಹಾಗೆಯೇ ಇಟ್ಟಿದ್ದೇನೆ. ಕೂಡದ ಕಡೆ ಯಾರ ಮಾತು ಯಾವುದೆಂದು ಹೇಳಿದ್ದೇನೆ.

ತಂಗಿಯದು ಪುಸ್ತಕ ಬೈಂಡ್ ಮಾಡುವ ಕೆಲಸ. ಬೀದಿಯವರಿಗೆಲ್ಲ ಅವರು ಬೈಂಡಿಂಗ್ ಅಕ್ಕ. ಸಿಮೆಂಟ್ ಬ್ಲಾಕಿನಲ್ಲಿ ಕಟ್ಟಿದ ಹೊಸ ಮನೆಯ ಪಡುವಣ ಕೋಣೆಯಲ್ಲಿ ಅವರ ಕೆಲಸ ನಡೆಯುತ್ತಿತ್ತು. ಅಂಟಿನ ಡಬ್ಬಿ, ರಟ್ಟಿನ ಕಟ್ಟು, ದಾರದ ಉಂಡೆ, ಪುಸ್ತಕ ಒತ್ತಿಡುವ ಕಬ್ಬಿಣದ ಪ್ರೆಸ್ಸು. ಹೊರಗೋಡೆಗೆ ಒರಗಿದಂತೆ ಉದ್ದನೆಯ ಕಪಾಟು. ಗ್ರಂಥಾಲಯದ ನಾನೂರು ಹಳೆಯ ಪುಸ್ತಕಗಳು ಹೊಸ ರಟ್ಟಿಗಾಗಿ ಆ ಕಪಾಟಿನಲ್ಲಿ ಕಾದಿದ್ದವು. ಮನೆ ಸೇರಿದ ಮೊದಲ ಮಳೆಗಾಲದಲ್ಲೇ ಗೋಡೆ ಬೆವರತೊಡಗಿತು. ಕೆಳಸಾಲಿನ ಪುಸ್ತಕಗಳಿಗೆ ಬೂಸ್ಟು ಹಿಡಿಯಿತು.

ಗ್ರಂಥಾಲಯದ ಮೇಲ್ವಿಚಾರಕರು ಬಂದು ಒಂದು ಪುಸ್ತಕ ತೆಗೆದು ಮೂಸಿ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು:

“ಅಕ್ಕಾ, ನಿಮ್ಮ ಕೈ ಮೇಲೆ ನನಗೆ ನಂಬಿಕೆ ಇದೆ. ನಿಮ್ಮ ಗೋಡೆ ಮೇಲೆ ಇಲ್ಲ.”

ಮುಂದಿನ ಮಳೆಗಾಲದೊಳಗೆ ಕೋಣೆ ಒಣಗದಿದ್ದರೆ ಪುಸ್ತಕಗಳನ್ನೆಲ್ಲ ಬೇರೆಯವರಿಗೆ ಒಪ್ಪಿಸಬೇಕಾಗುತ್ತದೆ ಎಂದು ತಿಳಿಸಿ ಹೋದರು. ಅಕ್ಕನ ಕೈಯಲ್ಲಿದ್ದ ಕೆಲಸವೆಂದರೆ ಅದೊಂದೇ.

ಕಷ್ಟ ಇನ್ನೊಂದಿತ್ತು. ಆ ಗೋಡೆಗೆ ಗಾರೆ ಬಳಿದವರು ಒಡಹುಟ್ಟಿದ ಅಣ್ಣ. ನಲವತ್ತು ವರ್ಷ ಗಾರೆ ಬಳಿಯುವ ಕರಣೆ ಹಿಡಿದ ಕೈ. ಹೆಸರೇ ನುಣುಪು ಮೇಸ್ತ್ರಿ. ಅವರು ಮುಗಿಸಿದ ಗೋಡೆಯ ಮೇಲೆ ನೊಣ ಕೂತರೂ ಕಾಲು ಜಾರುತ್ತದೆ ಎಂದು ಜೊತೆಯ ಕೆಲಸದವರು ನಗುತ್ತಿದ್ದರು. ಬೇರೆ ಮೇಸ್ತ್ರಿಯನ್ನು ಕರೆಸಿದರೆ ಅಣ್ಣನ ಮುಖಕ್ಕೆ ಹೊಡೆದಂತೆ. ಸುಮ್ಮನಿದ್ದರೆ ಪುಸ್ತಕಗಳು ಹೋದಂತೆ. ಅಕ್ಕ ಅಣ್ಣನನ್ನೇ ಕರೆಸಿದರು. ಅವರು ಬಂದು ಬಿರುಕು ತುಂಬಿ ಹೋದರು. ಅದು ಮತ್ತೆ ಬಾಯಿಬಿಟ್ಟಿತು. ಇನ್ನೊಮ್ಮೆ ತುಂಬಿದರು. ಪಿಲ್ಲರಿಗೂ ಬ್ಲಾಕಿಗೂ ಕೂಡುವ ಕಡೆ ಉದ್ದಕ್ಕೆ ಒಂದು, ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು, ಎರಡೂ ಮತ್ತೆ ಅಲ್ಲಿಯೇ ಕಾಣಿಸಿಕೊಂಡವು.

ಅಕ್ಕನ ಸೊಸೆ ದೊಡ್ಡ ಕಟ್ಟಡಗಳ ಕೆಲಸ ನೋಡಿಕೊಳ್ಳುವ ಸೂಪರ್‌ವೈಸರ್. ಅವಳು ಮೇಸ್ತ್ರಿಯನ್ನು ಗೋಡೆಯ ಮುಂದೆಯೇ ಕೇಳಿದಳು:

“ಮಾವ, ಪ್ಲಾಸ್ಟರ್‌ಗೆ ಜಾಲರಿ ಹಾಕಿದ್ರಾ?”

“ಹಾಕದೆ ಏನಮ್ಮ? ನೀನೇ ತಂದುಕೊಟ್ಟ ಸುರುಳಿ. ಒಂದು ತುಂಡೂ ಉಳಿಸದೆ, ಬ್ಲಾಕಿಗೆ ಮೊಳೆ ಹೊಡೆದು ತಮಟೆ ಥರ ಬಿಗಿದಿದ್ದೀನಿ. ಆದ್ರೂ ಬಿರುಕು ಬಿತ್ತು. ನಿನ್ನ ಜಾಲರಿ ಕೋಳಿ ಕಾಯೋಕೆ ಲಾಯಕ್ಕು ಕಣಮ್ಮ, ಗೋಡೆ ಕಾಯೋಕಲ್ಲ.”

ಗೋಡೆ ಅಲುಗುತ್ತಿರಬೇಕು ಎಂದಷ್ಟೇ ಸೊಸೆ ಹೇಳಿದಳು. ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. ಗೋಡೆಗೆ ಕಾಲು ಯಾವಾಗ ಬಂತು, ಇನ್ನು ಮೇಲೆ ಚಪ್ಪಲಿಯನ್ನೂ ಹೊಲಿಸಬೇಕೋ ಏನೋ ಎಂದು ಹಂಗಿಸಿದರು. ಸೊಸೆ ವಾದಕ್ಕಿಳಿಯಲಿಲ್ಲ. ಫೋಟೋಗೆ ಕಟ್ಟು ಹಾಕುವ ಅಂಗಡಿಯಿಂದ ಬೆರಳಗಲದ ತೆಳು ಗಾಜಿನ ಪಟ್ಟಿಯೊಂದನ್ನು ತಂದು, ಬಿರುಕಿಗೆ ಅಡ್ಡವಾಗಿಟ್ಟು, ಎರಡು ತುದಿಗೂ ಸಿಮೆಂಟ್ ಮೆತ್ತಿ ಕೂರಿಸಿದಳು. ಗೋಡೆ ನಿಂತಲ್ಲೇ ನಿಂತಿದ್ದರೆ ಗಾಜು ಹಾಗೆಯೇ ಇರುತ್ತದೆ, ಯಾರೂ ಮುಟ್ಟಬೇಡಿ ಎಂದಳು.

ಆಮೇಲೆ ನಡೆದದ್ದು ಎಷ್ಟನೆಯ ದಿನ ಎಂಬುದರಲ್ಲಿ ಮಾತು ಕೂಡುವುದಿಲ್ಲ. ಅಕ್ಕ ಮೂರನೆಯ ದಿನ ಎನ್ನುತ್ತಾರೆ, ಮೇಸ್ತ್ರಿ ಐದನೆಯ ದಿನ ಎನ್ನುತ್ತಾರೆ. ಮಧ್ಯಾಹ್ನವೆಲ್ಲ ಸುಡುಬಿಸಿಲು, ಸಂಜೆ ಹಠಾತ್ತನೆ ಒಂದು ಮಳೆ ಎಂಬುದನ್ನು ಮೂವರೂ ಒಪ್ಪುತ್ತಾರೆ. ಮೂವರೂ ಜಗಲಿಯಲ್ಲಿದ್ದರು. ಗೋಡೆಯ ಕಡೆಯಿಂದ ಟಿಕ್ ಎಂದು ಸಣ್ಣ ಸದ್ದು ಕೇಳಿತು. ಹೋಗಿ ನೋಡಿದರೆ ಗಾಜು ಬಿರುಕಿನ ಗೆರೆಯಗುಂಟ ಎರಡಾಗಿತ್ತು.

ಮೇಸ್ತ್ರಿ ಮಳೆಯಲ್ಲೇ ನಿಂತರು. ಜ್ವರದ ಮಗುವಿನ ಹಣೆ ಮುಟ್ಟುವಂತೆ ಅಂಗೈಯನ್ನು ಗೋಡೆಯ ಮೇಲಿಟ್ಟರು. ನಲವತ್ತು ವರ್ಷ ತಾನು ಬಳಿದ ಗೋಡೆಗಳೆಲ್ಲ ಬಿಸಿಲಿಗೆ ಹಿಗ್ಗಿ, ತಂಪಿಗೆ ಕುಗ್ಗಿ, ಯಾರಿಗೂ ಹೇಳದೆ ಉಸಿರಾಡುತ್ತಿದ್ದವು ಎಂಬುದು ಆ ಹೊತ್ತಿಗೆ ಮನಸ್ಸಿಗೆ ಬಂದು ಮೈ ಜುಮ್ಮೆಂದಿತು ಎಂದು ಅವರೇ ನನಗೆ ಹೇಳಿದರು. ಹೇಳುವಾಗಲೂ ದನಿ ತಗ್ಗಿಸಿಯೇ ಹೇಳಿದರು.

ಸೊಸೆ ವಿವರಿಸಿದಳು. ಬ್ಲಾಕು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಪಕ್ಕದ ಕಾಂಕ್ರೀಟ್ ಪಿಲ್ಲರಿನ ನಡೆ ಬೇರೆ. ಎರಡೂ ತಮ್ಮ ತಮ್ಮ ಕಡೆ ಎಳೆದಾಗ ನಡುವೆ ಸಿಕ್ಕಿದ ಗಾರೆ ಹರಿಯುತ್ತದೆ. ಗಾರೆ ಒತ್ತಿದರೆ ತಡೆದೀತು, ಎಳೆದರೆ ತಡೆಯದು. ಆ ಎಳೆತವನ್ನು ಹಂಚಿಕೊಳ್ಳಲಿಕ್ಕೆಂದೇ ಜಾಲರಿ.

“ಆದ್ರೆ ಜಾಲರಿ ಇದೆಯಲ್ಲಮ್ಮ ಒಳಗೆ,” ಎಂದರು ಮೇಸ್ತ್ರಿ. ಈ ಸಲ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ.

ಹಾಗಿದ್ದರೆ ಬಿಚ್ಚಿಯೇ ನೋಡೋಣ ಎಂದು ಮರುದಿನ ಬೆಳಿಗ್ಗೆ ಮೇಸ್ತ್ರಿಯೇ ಬಿರುಕಿನ ಪಕ್ಕದಲ್ಲಿ ಉಳಿ ಇಟ್ಟು ತಟ್ಟಿದರು. ಅಂಗೈಯಗಲ ತೆಗೆಯಲು ಹೋದರೆ ಬಾಗಿಲಗಲದ ಗಾರೆ ಒಂದೇ ಹಲಗೆಯಾಗಿ ಕಳಚಿ ನೆಲಕ್ಕೆ ಬಿತ್ತು. ಜಾಲರಿ ಅಂಗಡಿಯಿಂದ ತಂದ ದಿನದಷ್ಟೇ ಚೊಕ್ಕಟವಾಗಿ, ಬಿಗಿಯಾಗಿ, ಬ್ಲಾಕಿಗೆ ಅಂಟಿಕೊಂಡು ನಿಂತಿತ್ತು. ಬಿದ್ದ ಗಾರೆಯ ಬೆನ್ನ ಮೇಲೆ ಅದರ ಚೌಕಗಳ ಅಚ್ಚಷ್ಟೇ ಇತ್ತು. ಒಂದು ಎಳೆಯೂ ಗಾರೆಯೊಳಗೆ ಹೊಕ್ಕಿರಲಿಲ್ಲ.

ಮೊದಲು ಮಾತಾಡಿದವರು ಬೈಂಡಿಂಗ್ ಅಕ್ಕ. ಗೋಡೆಯ ಕೆಲಸ ಅವರಿಗೆ ತಿಳಿಯದು, ಆದರೆ ಅಂಟಿನ ಕೆಲಸ ತಿಳಿಯದೆ ಇದ್ದೀತೆ?

“ಅಣ್ಣ, ಪುಸ್ತಕದ ಬೆನ್ನಿಗೆ ನಾನೂ ಜಾಳು ಬಟ್ಟೆ ಹಾಕ್ತೀನಿ. ಮೊದಲು ಅಂಟು ಬಳೀತೀನಿ, ಬಟ್ಟೆ ಒತ್ತುತೀನಿ, ನೇಯ್ಗೆಯ ಕಣ್ಣುಕಣ್ಣಿನಿಂದ ಅಂಟು ಮೇಲೆ ಬರಬೇಕು, ಆಮೇಲೆ ಇನ್ನೊಂದು ಕೈ ಅಂಟು. ಒಣ ಬಟ್ಟೆ ಹಿಂದೆ ಇಟ್ಟು ಮುಂದೆ ಅಂಟು ಮೆತ್ತಿದ್ರೆ ಪುಸ್ತಕ ನಿಲ್ಲುತ್ತಾ? ನೀನು ಜಾಲರೀನ ಗಾರೆ ಒಳಗೆ ಹಾಕಿಲ್ಲ ಕಣೋ. ಗಾರೆ ಹಿಂದೆ ಬಚ್ಚಿಟ್ಟಿದ್ದೀಯ.”

ಮೇಸ್ತ್ರಿ ಬಿದ್ದ ತುಂಡನ್ನು ಎತ್ತಿ ಮುಂದೆ ನೋಡಿದರು, ಹಿಂದೆ ನೋಡಿದರು. ಮುಂದೆ ಕನ್ನಡಿಯಂಥ ನುಣುಪು. ಜಾಲರಿ ಮೇಲೆ ಬಂದರೆ ಕರಣೆಗೆ ತಗುಲುತ್ತದೆ, ನುಣುಪು ಕೆಡುತ್ತದೆ, ಅದಕ್ಕೇ ಗೋಡೆಗೆ ಒತ್ತಿ ಹೊಡೆದೆ ಎಂದು ಒಪ್ಪಿಕೊಂಡರು. ಆಮೇಲೆ ಹೇಳಿದ ಮಾತನ್ನು ತಂಗಿಯೂ ಸೊಸೆಯೂ ಒಂದೇ ರೀತಿ ನೆನಪಿಟ್ಟಿದ್ದಾರೆ: “ನಾನು ನೋಡೋರ ಕಣ್ಣಿಗೆ ಬಳಿದೆ. ಮಳೆಗೆ ಬಳೀಲಿಲ್ಲ.”

ಹೊರಗೋಡೆಯ ಹಳೆಯ ಗಾರೆಯನ್ನು ಪೂರ್ತಿ ಕೆಡವಿದರು. ಹೊಸ ಜಾಲರಿಯನ್ನೂ ಸೊಸೆಯೇ ಆರಿಸಿ ತಂದಳು: ಗಾಜಿನ ನೂಲಿನದು, ಸಿಮೆಂಟಿನ ಕ್ಷಾರಕ್ಕೆ ಹಾಳಾಗದಂಥದು. ಕಿಟಕಿಗೆ ಹೊಡೆಯುವ ಸೊಳ್ಳೆ ಬಲೆ ಇದಕ್ಕೆ ಆಗುವುದಿಲ್ಲ. ಗೋಡೆಯ ಧೂಳು ತೊಳೆದು, ಹದವಾಗಿ ನೆನೆಸಿ, ಮೇಸ್ತ್ರಿ ಮೊದಲ ಕೈ ಗಾರೆ ಬಳಿದರು. ಅದು ಹಸಿಯಾಗಿರುವಾಗಲೇ ಜಾಲರಿ ಹಾಸಿ, ನಡುವಿನಿಂದ ಅಂಚಿನ ಕಡೆಗೆ ಕರಣೆಯಿಂದ ಒತ್ತುತ್ತ ಹೋದರು. ಸುಕ್ಕು ಉಳಿಯಬಾರದು. ಒಂದು ಪಟ್ಟಿಯ ಮೇಲೆ ಇನ್ನೊಂದು ಅಂಗೈಯಗಲ, ಅಂದರೆ ನಾಲ್ಕು ಅಂಗುಲ ಹತ್ತಬೇಕು. ಪಿಲ್ಲರು ಬ್ಲಾಕು ಕೂಡುವ ಕಡೆ ಜಾಲರಿ ಎರಡು ಬದಿಗೂ ಚಾಚಿರಬೇಕು. ಕಿಟಕಿಯ ನಾಲ್ಕು ಮೂಲೆಗೂ ಓರೆಯಾಗಿ ಒಂದೊಂದು ತುಂಡು ಬೇರೆ. ಇದನ್ನೆಲ್ಲ ಸೊಸೆ ಹೇಳುತ್ತಿದ್ದಳು, ಮಾವ ಮರುಮಾತಿಲ್ಲದೆ ಮಾಡುತ್ತಿದ್ದರು.

ಒತ್ತಿದಂತೆ ಸಾವಿರಾರು ಸಣ್ಣ ಕಣ್ಣುಗಳಿಂದ ಗಾರೆ ಮೇಲಕ್ಕೆ ಉಕ್ಕಿತು. ಬೆಳ್ಳಗಿನ ಜಾಲರಿ ಮೊದಲು ಮಸುಕಾಯಿತು, ಆಮೇಲೆ ಕೆರೆಯಲ್ಲಿ ಬಲೆ ಇಳಿದಂತೆ ಕಾಣದಾಯಿತು. ಅಕ್ಕ ಅಂಟಿನ ಕೈಯಲ್ಲೇ ಹೊರಗೆ ಬಂದು ಕಣ್ಣು ಮಿಟುಕಿಸದೆ ನೋಡಿದರು. ಕೈಗೆತ್ತಿದರೆ ಗಾಳಿಗೆ ಹಾರುವಷ್ಟು ಹಗುರದ ನೂಲು, ಆನೆಯಂಥ ಗೋಡೆಯ ಎಳೆತವನ್ನು ಹಿಡಿಯುತ್ತದಲ್ಲ ಎಂದು ಈಗಲೂ ಅಚ್ಚರಿಪಡುತ್ತಾರೆ. ಜಾಲರಿ ಮುಳುಗಿದ ಮೇಲೆ ಎರಡನೆಯ ಕೈ ಗಾರೆ; ಆಮೇಲೆ ಏಳು ದಿನ ತಪ್ಪದೆ ನೀರು.

ಮಳೆಗಾಲ ಬಂತು. ಮೇಲ್ವಿಚಾರಕರು ಜೋರು ಮಳೆಯ ದಿನವನ್ನೇ ನೋಡಿಕೊಂಡು ಬಂದರು. ಕಪಾಟಿನ ಹಿಂದೆ ಕೈ ತೂರಿಸಿ ಗೋಡೆಯನ್ನು ಮೇಲಿಂದ ಕೆಳಗೆ ಸವರಿದರು. ಹೊರತೆಗೆದ ಬೆರಳುಗಳಿಗೆ ಒಣ ಧೂಳು ಹತ್ತಿತ್ತು. ಅವರು ಅದನ್ನು ಊದಿಕೊಳ್ಳುತ್ತ, ಗ್ರಂಥಾಲಯದಲ್ಲಿ ಇನ್ನೂ ಮುನ್ನೂರು ಪುಸ್ತಕಗಳಿವೆ, ಜಾಗವಾದೀತೇ ಎಂದು ಕೇಳಿದರು. ಆಗ ಮೇಸ್ತ್ರಿ ಬಾಗಿಲಲ್ಲೇ ನಿಂತಿದ್ದರು. ತಂಗಿ ಒಂದು ಸ್ಟೂಲು ಎಳೆದು ಅಣ್ಣನ ಕಡೆ ಸರಿಸಿದರು.

ಈಗ ಹೊರಗೋಡೆಯ ಕೆಲಸ ಹಿಡಿದಲ್ಲೆಲ್ಲ ಮೇಸ್ತ್ರಿ ಮನೆಯವರನ್ನು ಕರೆಸುತ್ತಾರೆ. ಕೆಲಸ ಮುಗಿದ ಮೇಲೆ ಅಲ್ಲ, ಜಾಲರಿ ಒತ್ತುವ ಹೊತ್ತಿಗೆ. “ನುಣುಪು ಆಮೇಲೆ ನೋಡಿ. ಇದು ಮುಚ್ಚಿಹೋದ್ರೆ ನಾನೂ ಕಾಣೆ, ನೀವೂ ಕಾಣಿರಿ. ಈಗ ನೋಡಿ,” ಎನ್ನುತ್ತಾರೆ.

ಓದುವವರೇ, ಕೇಳುವವರೇ, ನೀವೂ ಬ್ಲಾಕಿನ ಮನೆ ಕಟ್ಟುತ್ತಿದ್ದರೆ ನಿಮ್ಮ ಮೇಸ್ತ್ರಿಯನ್ನು ಜಾಲರಿ ಹಾಕುತ್ತೀರಾ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಎಲ್ಲಿ ಹಾಕುತ್ತೀರಿ ಎಂದು ಕೇಳಿ. ಗೋಡೆಗೆ ಒತ್ತಿ ಮೊಳೆ ಹೊಡೆದರೆ ಸಾಲದು, ಹಸಿ ಗಾರೆಯೊಳಗೆ ಮುಳುಗಬೇಕು. ಆ ದಿನ ಬೇರೆ ಕೆಲಸ ಬದಿಗಿಟ್ಟು ಗೋಡೆಯ ಮುಂದೆ ನಿಲ್ಲಿ. ಕಣ್ಣುಕಣ್ಣಿನಿಂದ ಗಾರೆ ಉಕ್ಕಿ ಬರುವುದನ್ನು ನೋಡಿದ ಮೇಲೆಯೇ ಎರಡನೆಯ ಕೈ ಗಾರೆಗೆ ಒಪ್ಪಿಗೆ ಕೊಡಿ.