ಒಂದೇ ಡಬ್ಬಿಗೆ ಬಿದ್ದ ರಿಂಗುಗಳು

ಆಗಸ್ಟ್ ರಜೆಗೆ ಕಾರ್ಖಾನೆ ಮುಚ್ಚುವ ಹಿಂದಿನ ದಿನ, ಬೆಳಗಿನ ತಿಂಡಿಯ ಬಿಡುವಿನಲ್ಲಿ, ಉಗ್ರಾಣದ ಆಲ್ಬ್ರೆಕ್ಟ್, ಬ್ರೆಟ್ಸೆಲ್ ಎಂಬ ಗಂಟುರೊಟ್ಟಿ ಅಗಿಯುತ್ತ ನನ್ನ ಮೇಜಿಗೆ ಒರಗಿ ನಿಂತ.

"ನಿನ್ನ ಹೊಸ ಕಂಪ್ಯೂಟರಿಂದ ಒಂದಾದ್ರೂ ಉಪಕಾರ ಆಯ್ತು ನೋಡು ಹೆಡ್ವಿಗ್. ರಬ್ಬರ್ ರಿಂಗಿಗೆ ಎರಡು ಡಬ್ಬಿ ಇಟ್ಕೊಂಡು ಒದ್ದಾಡ್ತಿದ್ದೆ. ಸೋಮವಾರ ಎರಡಕ್ಕೂ ಒಂದೇ ನಂಬರ್ ತೋರಿಸ್ತು. ಎರಡನ್ನೂ ಒಂದಕ್ಕೇ ಸುರಿದುಬಿಟ್ಟೆ."

ನಮ್ಮದು ಶ್ವಾಬಿಯಾ ಸೀಮೆಯ ಗುಡ್ಡದ ಬುಡದಲ್ಲಿ ವಾಲ್ವು ಮಾಡುವ ಕಾರ್ಖಾನೆ. ಪ್ರತಿಯೊಂದು ಬಿಡಿಭಾಗದ ನಂಬರು, ಅಳತೆ, ತೂಕ, ಯಾವುದರಿಂದ ಮಾಡಿದ್ದು ಎಂಬುದನ್ನೆಲ್ಲ ಕಂಪ್ಯೂಟರಿನಲ್ಲಿ ಕಾಪಾಡುವುದು ನನ್ನ ಕೆಲಸ. ಹಿಂದಿನ ವಾರವಷ್ಟೇ ಎಲ್ಲವನ್ನೂ ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಸಾಗಿಸಿದ್ದೆವು. ಎಲ್ಲ ವಿವರವೂ ಒಂದೇ ಆಗಿರುವ ಭಾಗಗಳನ್ನು ಒಂದೇ ನಂಬರಿಗೆ ಸೇರಿಸೋಣವೆಂದು ಎಲ್ಲರೂ ಕೂತು ಒಪ್ಪಿದ್ದೆವು. ಒಪ್ಪಿದ ದಿನ ಕೇಕು ಕೂಡ ತಿಂದಿದ್ದೆವು.

ಹಿಂದಿನ ಮೇಜಿನಿಂದ ಕುರ್ಚಿ ಸರಿದ ಸದ್ದಾಯಿತು. ವಿನ್ಯಾಸ ವಿಭಾಗದ ಮುಖ್ಯಸ್ಥ ಟ್ರೌಗೊಟ್ ಹೇಬರ್ಲೆ ಎದ್ದು ನಿಂತಿದ್ದರು.

"ಯಾವ ರಿಂಗು?"

ಆಲ್ಬ್ರೆಕ್ಟ್ ಜೇಬಿನಿಂದ ಒಂದನ್ನು ತೆಗೆದು ಅವರ ಅಂಗೈಗೆ ಹಾಕಿದ. ಕಪ್ಪಗೆ, ಬೆರಳಿಗೆ ತೊಡಬಹುದಾದಷ್ಟು ದೊಡ್ಡದು.

"ಮುಚ್ಚಳದ ಡಬ್ಬಿಯಲ್ಲಿದ್ದದ್ದನ್ನೂ ಸುರಿದ್ಯಾ?"

"ಸುರಿದೆ. ಮುಚ್ಚಳ ಯಾಕೆ ಅಂತ ನಂಗೆ ಯಾರೂ ಹೇಳಿಲ್ಲ ಸ್ವಾಮಿ."

ಹೇಬರ್ಲೆ ಬೆರಳುಗಳನ್ನು ಉಜ್ಜಿ ನೋಡಿಕೊಂಡರು. ಎಣ್ಣೆಯ ಪಸೆ. ನನಗೂ ಆಗ ಹೊಳೆಯಿತು. ರಿಂಗುಗಳೆರಡೂ ಕಣ್ಣಿಗೆ ಒಂದೇ. ಗಾಳಿಯ ವಾಲ್ವಿಗೆ ಹೋಗುವುದಕ್ಕೆ ಎಣ್ಣೆ ಸವರಿರುತ್ತದೆ. ಆಸ್ಪತ್ರೆಯ ಆಮ್ಲಜನಕದ ವಾಲ್ವಿಗೆ ಹೋಗುವುದನ್ನು ಎಣ್ಣೆ ಸೋಂಕದಂತೆ ತೊಳೆದು ಮುಚ್ಚಳದ ಡಬ್ಬಿಯಲ್ಲಿಡುತ್ತೇವೆ. ಒತ್ತಡದಲ್ಲಿ ನುಗ್ಗುವ ಆಮ್ಲಜನಕಕ್ಕೆ ಎಣ್ಣೆ ಸಿಕ್ಕರೆ ಬೆಂಕಿ ಏಳುತ್ತದೆ. ಈ ಮಾತು ಹಳೆಯ ವ್ಯವಸ್ಥೆಯ ಟಿಪ್ಪಣಿ ಖಾನೆಯಲ್ಲಿತ್ತು. ಆ ಖಾನೆಯಲ್ಲಿ ಬರೀ ಹರಟೆಯಿದೆ ಎಂದು ಅದನ್ನು ಹೊಸದಕ್ಕೆ ತಂದಿರಲಿಲ್ಲ.

"ಸೋಮವಾರದಿಂದ ಆಮ್ಲಜನಕದ ವಾಲ್ವು ಯಾರಿಗೆಲ್ಲ ಹೋಗಿದೆ, ಫ್ರಾವ್ ಕ್ನೋಡ್ಲರ್?" ಎಂದು ಹೇಬರ್ಲೆ ನನ್ನನ್ನು ಕೇಳಿದರು.

ಹುಡುಕಿದೆ. ರಿಂಗುಗಳು ಒಂದಾದ ಮೇಲೆ, ರಿಂಗೊಂದನ್ನು ಬಿಟ್ಟರೆ ಬೇರೆ ವ್ಯತ್ಯಾಸವೇ ಇಲ್ಲದ ವಾಲ್ವುಗಳೂ ತಾವಾಗಿ ಒಂದಾಗಿಬಿಟ್ಟಿದ್ದವು. ಗಾಳಿಯದು, ಆಮ್ಲಜನಕದ್ದು ಎಂಬ ಭೇದವೇ ಹೊಸ ವ್ಯವಸ್ಥೆಯಲ್ಲಿ ಹುಟ್ಟಿರಲಿಲ್ಲ. ತೆರೆಯ ಮೇಲೆ ವ್ಯಾಪಾರಿಗಳ ಹೆಸರುಗಳು ಮಾತ್ರ ಸಾಲಾಗಿ ನಿಂತಿದ್ದವು. ಅವರು ಯಾರಿಗೆ ಮಾರಿದರೋ, ಟೈರು ಅಂಗಡಿಗೋ ಆಸ್ಪತ್ರೆಗೋ.

"ಹೇಳೋಕಾಗಲ್ಲ," ಅಂದೆ. "ಎಲ್ಲ ಒಂದೇ ಅಂತಿದೆ."

"ಹಾಗಾದ್ರೆ ಆ ನಂಬರನ್ನೇ ತಡೀರಿ."

"ಹೆರ್ ಹೇಬರ್ಲೆ, ಈ ರಿಂಗು ನಮ್ಮ ಎಲ್ಲ ಮಾಲಲ್ಲೂ ಇದೆ. ತಡೆದ್ರೆ ಇವತ್ತು ಒಂದು ಲಾರಿನೂ ಗೇಟು ದಾಟಲ್ಲ. ಯಜಮಾನರು ನಮ್ಮನ್ನ ಸುಮ್ನೆ ಬಿಡ್ತಾರಾ?"

"ಬಿಡಲ್ಲ. ನಾನು ಹೇಳಿದೆ ಅಂತ ಹೇಳಿ. ನೀವು ಒತ್ತಿ."

ಒತ್ತಿದೆ. ಕಾರಣ ಬರೆಯದೆ ಮುಂದೆ ಬಿಡುವುದಿಲ್ಲ ಆ ಯಂತ್ರ. 'ಎರಡೂ ಒಂದೇ ಅಲ್ಲ' ಎಂದು ಬರೆದೆ. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಲಾರಿಗಳು ಒಂದೊಂದಾಗಿ ಸದ್ದು ನಿಲ್ಲಿಸಿದವು. ಹೇಬರ್ಲೆಯವರ ಫೋನು ಬಡಿದುಕೊಳ್ಳತೊಡಗಿತು. ಅವರು ಅದನ್ನು ಹಿಡಿದು ಕಾರಿಡಾರಿಗೆ ಹೋದರು. "ಹೌದು, ನಾನೇ. ಹೌದು, ಎಲ್ಲ ಲಾರಿನೂ," ಎನ್ನುವುದು ಬಾಗಿಲಾಚೆಯಿಂದ ಕೇಳುತ್ತಲೇ ಇತ್ತು.

ನಾನು ವ್ಯಾಪಾರಿಗಳಿಗೆ ಫೋನು ಮಾಡುತ್ತ ಹೋದೆ. ಅರ್ಧ ಜನ ಆಗಲೇ ರಜೆಗೆ ಹೋಗಿದ್ದರು. ಕೊನೆಗೆ ಒಬ್ಬ, ಜಿಲ್ಲಾ ಆಸ್ಪತ್ರೆಗೆ ಕೊಟ್ಟಿದ್ದೇನೆ ಎಂದ. ಆಸ್ಪತ್ರೆಗೆ ಮಾಡಿದಾಗ ಅಲ್ಲಿನ ಮೆಕ್ಯಾನಿಕ್ ಫೋನಿಗೆ ಬಂದ.

"ನಮ್ಮ ವಾಲ್ವು ಹಾಕಿದೀರಾ?"

"ಹಾಕಾಯ್ತು ಅಮ್ಮ. ಮಕ್ಕಳ ವಾರ್ಡಿಂದು. ಈಗ ತೆರೆಯೋಕೆ ಹೊರಟಿದ್ದೆ."

"ತೆರೀಬೇಡಿ. ದಯವಿಟ್ಟು ಮುಟ್ಟಲೇಬೇಡಿ."

"ಯಾರು ಹೇಳ್ತಿರೋದು ಇದನ್ನ? ಕಾಗದ ಪತ್ರ ಏನಾದ್ರೂ ಇದೆಯಾ?"

"ನಾನು ಹೇಳ್ತಿದೀನಿ, ಹೆಡ್ವಿಗ್ ಕ್ನೋಡ್ಲರ್. ಇನ್ನೊಬ್ಬರು ಯಾರಾದ್ರೂ ತೆರೆದಾರು, ಹೋಗಿ ನೋಡಿ."

ಅವನು ಫೋನನ್ನು ಮೇಜಿನ ಮೇಲಿಟ್ಟು ಹೋದ. ಉದ್ದನೆಯ ಕಾರಿಡಾರಿನಲ್ಲಿ ಬೂಟಿನ ಸಪ್ಪಳ ದೂರವಾಯಿತು. ಆ ಸಪ್ಪಳ ಮತ್ತೆ ಹತ್ತಿರವಾಗುವವರೆಗೂ ಫೋನನ್ನು ಕಿವಿಗೊತ್ತಿಕೊಂಡು ಕೂತಿದ್ದೆ.

"ಮುಚ್ಚೇ ಇದೆ. ತೆರೀಬಾರ್ದು ಅಂತ ಬೋರ್ಡು ತಗುಲಿಸಿ ಬಂದೆ," ಅಂದ. "ಆದ್ರೆ ಅಮ್ಮ, ನಮಗೆ ಬಂದಿದ್ದು ಎರಡೇ. ಅವನ್ನ ತಂದ ವ್ಯಾನಲ್ಲಿ ಇನ್ನೂ ಒಂದಷ್ಟು ಇತ್ತು. ಅವು ಎಲ್ಲಿಗೆ ಹೋದ್ವು?"

"ಗೊತ್ತಿಲ್ಲ."

"ನಿಮಗೇ ಗೊತ್ತಿಲ್ವಾ?"

ಫೋನು ಇಟ್ಟೆ. ಆಲ್ಬ್ರೆಕ್ಟ್ ನೆಲದ ಮೇಲೆ ಕಾಲು ಚಾಚಿ ಕೂತು, ಡಬ್ಬಿಯನ್ನು ತೊಡೆಯ ನಡುವೆ ಇಟ್ಟುಕೊಂಡು, ರಿಂಗುಗಳನ್ನು ಒಂದೊಂದಾಗಿ ಕಾಗದದ ಮೇಲೆ ಒತ್ತಿ ಕಲೆ ಬೀಳುತ್ತದೆಯೇ ಎಂದು ನೋಡುತ್ತಿದ್ದ. ಪ್ರತಿಯೊಂದಕ್ಕೂ ಕಲೆ ಬೀಳುತ್ತಿತ್ತು.

"ಬಿಡೋ. ಒಂದಕ್ಕೊಂದು ತಾಗಿ ಎಲ್ಲದಕ್ಕೂ ಎಣ್ಣೆ ಹತ್ತಿದೆ."

"ಗೊತ್ತು ಕಣೇ," ಅಂದ. "ಕೈ ಸುಮ್ನಿರ್ತಿಲ್ಲ."

ನಾನು ಸಾಲಿನ ಮುಂದಿನ ಹೆಸರಿಗೆ ಫೋನು ತಿರುಗಿಸಿದೆ. ಆ ಕಡೆ ಗಂಟೆ ಬಡಿಯುತ್ತಲೇ ಇತ್ತು, ಯಾರೂ ಎತ್ತಲಿಲ್ಲ.